ಎರಡು ಸ್ವರದ ಕರೆ

ಪ್ರಾರ್ಥನೆಗೆಂದು ತಲೆ ತಗ್ಗಿಸಿದ ವರ್ಲನ್ ಟಿಡ್‌ವೆಲ್‌ನಿಗೆ ದೇವರು ಕಾಣಲಿಲ್ಲ, ಮುಂದಿನ ಬೆಂಚಿನ ಕೆಳಗಿದ್ದ ಒಂದು ಜೊತೆ ಬೂಟು ಕಂಡಿತು. ಕಂದು ಚರ್ಮ, ಹಿಮ್ಮಡಿ ಹೊರಬದಿಗೆ ಸವೆದಿದೆ, ಪಕ್ಕದಲ್ಲಿ ಬಿಳಿ ದಾರದಲ್ಲಿ ಹೊಲಿದ ಗೋಧಿತೆನೆ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅನ್ನಿಸಿದ ಕೂಡಲೇ, ಪ್ರಾರ್ಥನೆಯ ನಡುವೆ ಬೂಟು ಗುರುತು ಹಿಡಿಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೆ ಅವನ ತಪ್ಪೂ ಅಲ್ಲ ಅದು. ಮೂವತ್ತೊಂದು ವರ್ಷದಿಂದ ತಲೆ ತಗ್ಗಿಸಿಕೊಂಡೇ ಬದುಕಿದವನು. ಹಾಡುವವನು ಮೈಕಿನ ಮುಂದೆ ನಿಲ್ಲುತ್ತಾನೆ, ಪಿಟೀಲಿನವನು ಕುಣಿಯುತ್ತಾನೆ, ಡ್ರಮ್ಮಿನವನು ಕೂತರೂ ಎತ್ತರದ ಮೇಲೆ ಕೂರುತ್ತಾನೆ. ಸ್ಟೀಲ್ ಗಿಟಾರಿನವನು ಮಾತ್ರ ಇಸ್ತ್ರಿ ಮೇಜಿನಂಥ ಆ ನಾಲ್ಕು ಕಾಲಿನ ವಾದ್ಯದ ಹಿಂದೆ ಮುದುರಿ ಕೂತು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತ, ಕೆಳಗೆ ಪಾದದಲ್ಲಿ ಪೆಡಲ್ ಒತ್ತುತ್ತ, ಮೊಣಕಾಲಲ್ಲಿ ಸನ್ನೆಕೋಲು ತಳ್ಳುತ್ತ, ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸಿನ ಹಾಗೆ ತನ್ನ ಪಾಡಿಗೆ ತಾನಿರುತ್ತಾನೆ. ಎಂದಾದರೂ ಕಣ್ಣು ಎತ್ತಿದರೆ ಕಾಣುವುದು ಕುಣಿಯುವವರ ಮುಖವಲ್ಲ, ಕಾಲು. ರೆಡ್ ಬ್ಲಫ್ ಎಂಬ ಕುಣಿತದ ಹಾಲಿಗೆ ಬರುವ ಇನ್ನೂರು ಜನರಲ್ಲಿ ಇಪ್ಪತ್ತು ಮುಖವೂ ಅವನಿಗೆ ಗೊತ್ತಿಲ್ಲ. ಬೂಟು ಎಲ್ಲವೂ ಗೊತ್ತು.

ಪಕ್ಕದಲ್ಲಿ ಅಮ್ಮ ಓಲೀಟಾ ಕಣ್ಣು ಮುಚ್ಚಿ ಕೂತಿದ್ದಳು. ಎಂಬತ್ತೆರಡು ವರ್ಷ. ಕಣ್ಣು ತೆರೆದರೂ ಈಗ ಅಷ್ಟೇ. ಎರಡು ವರ್ಷದಿಂದ ಎಲ್ಲದರ ನಡುವೆ ಒಂದು ಮಸಕು ಬೊಟ್ಟು, ಅಂಚು ಮಾತ್ರ ಕಾಣುತ್ತದೆ. ಭಾನುವಾರ ಅವಳನ್ನು ಕರೆತರುವವಳು ಅವನ ತಂಗಿ ಜೋನೆಲ್. ಅವಳಿಗೆ ಪಿತ್ತಕೋಶದ ಆಪರೇಷನ್ ಆದದ್ದರಿಂದ ಈ ಮೂರು ವಾರ ವರ್ಲನ್ ಬರುತ್ತಿದ್ದ. ಬಂದದ್ದೇ ತಪ್ಪಾಯಿತು. ಎರಡನೆಯ ವಾರವೇ ಸಭೆಯ ಹಿರಿಯ ಹ್ಯೂಲನ್ ಪ್ರ್ಯೂಯಿಟ್ ಅವನ ಗುನುಗು ಕೇಳಿಸಿಕೊಂಡುಬಿಟ್ಟ. ಬುಧವಾರ ಮಧ್ಯಾಹ್ನ ಅಮ್ಮನ ವರಾಂಡಕ್ಕೇ ಬಂದು, ಐಸ್ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಮಾತಿಗೆ ಎರಡು ಕೆಮ್ಮಿನ ಲೆಕ್ಕದಲ್ಲಿ ಹೇಳಿದ್ದ.

"ನೋಡಪ್ಪಾ ವರ್ಲನ್. ಹ್ಹುಂ. ಆರ್ವಿಲ್ ತೀರಿಕೊಂಡ ಮೇಲೆ ನಮ್ಮ ಸಭೇಲಿ ಹಾಡು ಎತ್ತಿಕೊಡೋರೇ ಇಲ್ಲ. ಹ್ಹುಂ. ಡ್ವೇನ್ ಎತ್ತುತಾನೆ, ಒಳ್ಳೆಯವನು, ಔಷಧಿ ಅಂಗಡಿ ಚೆನ್ನಾಗಿ ನಡೆಸ್ತಾನೆ, ಆದರೆ ಅವನು ಎತ್ತಿದ ಸ್ವರಕ್ಕೆ ನಮ್ಮ ಹೆಂಗಸರು ಏಣಿ ಹಾಕಬೇಕು. ನಿನಗೆ ದೇವರು ಕಿವಿ ಕೊಟ್ಟಿದಾನೆ. ನೀನು ಮುಂದೆ ನಿಂತು ಎತ್ತಿಕೊಡು."

"ನಾನು ಹಾಡುಗಾರ ಅಲ್ಲ ಬ್ರದರ್ ಪ್ರ್ಯೂಯಿಟ್."

"ಹಾಡುಗಾರರು ಬೇಡ. ಹ್ಹುಂ. ಸ್ವರ ಗೊತ್ತಿರೋರು ಬೇಕು. ಒಂದೇ ಮಾತು, ನಿನಗೂ ಗೊತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಮುಂದೆ ನಿಲ್ಲೋನು ಮಧ್ಯಾಹ್ನ ಆ... ಆ ಗಡಿಯಾಚೆ ಕೂರೋ ಹಾಗಿಲ್ಲ."

ಗಡಿಯಾಚೆ ಅಂದರೆ ರೆಡ್ ಬ್ಲಫ್ ಹಾಲು. ಈ ಕೌಂಟಿಯಲ್ಲಿ ಬಿಯರ್ ಮಾರುವಂತಿಲ್ಲ. ಹಾಗಾಗಿ ಕೌಂಟಿಯ ಗಡಿಕಲ್ಲಿನಿಂದ ನಲವತ್ತು ಹೆಜ್ಜೆ ಆಚೆ, ಬೇಲಿಗೆ ಒರಗಿಸಿದ ಹಾಗೆ, ಕುಡಿದು ಕುಣಿಯುವ ತಗಡಿನ ಆ ಹಾಂಕಿಟಾಂಕನ್ನು ಕಟ್ಟಿದ್ದರು. ಜನ ಪಿಕಪ್ ಗಾಡಿಗಳನ್ನು ಹಾಲಿನ ಹಿಂದೆ ನಿಲ್ಲಿಸುತ್ತಿದ್ದರು. ರಸ್ತೆಗೆ ಕಾಣುವ ಮುಂಬದಿ ಸದಾ ಖಾಲಿ. ಹೊಸಬರಾರಾದರೂ ಹಾದುಹೋದರೆ, ಪಾಪ ಈ ಹಾಲು ಮುಚ್ಚಿಹೋಗಿದೆ ಅಂದುಕೊಳ್ಳಬೇಕು.

ಹಿರಿಯ ಹೋದ ಮೇಲೆ ವರ್ಲನ್ ಅವನ ಕೆಮ್ಮನ್ನು ಹಾಗೇ ಮಾಡಿ ತೋರಿಸಿದ, ಅಮ್ಮ ನಗಲಿಲ್ಲ. ಸಾಮಾನ್ಯವಾಗಿ ನಗುತ್ತಾಳೆ. "ಭಾನುವಾರ ಉತ್ತರ ಹೇಳ್ತೀನಿ ಅಂದೆಯಲ್ಲ, ಹೇಳು," ಅಂದಳು. "ಏನು ಹೇಳಲಿ?" ಅಂದ. "ನನ್ನ ಕೇಳಬೇಡ. ನಿನ್ನ ಬಾಯಿ ನಿನ್ನ ಹತ್ತಿರಾನೇ ಇದೆ," ಅಂದು ಲೋಟ ಎತ್ತಿಕೊಂಡು, ಬಾಗಿಲ ಚೌಕಟ್ಟನ್ನು ಬೆರಳಲ್ಲಿ ಸವರಿ ಗುರುತು ಹಿಡಿದು ಒಳಗೆ ಹೋದಳು. ಆ ಬೆರಳನ್ನು ನೋಡಿದಾಗಲೇ ಅವನ ಅರ್ಧ ಉತ್ತರ ಆಗಿಹೋಗಿತ್ತು. ಮಗ ಒಂದು ಸಲವೂ ಎಲ್ಲರ ಮುಂದೆ ನಿಂತದ್ದನ್ನು ಅಮ್ಮ ನೋಡಿಲ್ಲ. ನೋಡುವುದಕ್ಕೆ ಇನ್ನೆಷ್ಟು ದಿನದ ಕಣ್ಣು ಉಳಿದಿದೆಯೋ.

ಆಮೆನ್ ಆಯಿತು. ಡ್ವೇನ್ ಎದ್ದು ಮುಂದೆ ಹೋಗಿ ಹಾಡಿನ ಪುಸ್ತಕ ತೆರೆದ. ಈ ಸಭೆಯಲ್ಲಿ ವಾದ್ಯವಿಲ್ಲ. ಪಿಯಾನೋ ಇಲ್ಲ, ಆರ್ಗನ್ ಇಲ್ಲ, ಏನೂ ಇಲ್ಲ. ದೇವರಿಗೆ ಬಾಯಿ ಸಾಕು. ಸತ್ತ ಆರ್ವಿಲ್ ಒಂದು ಪುಟ್ಟ ಸ್ವರಪೀಪಿಯನ್ನು ಅಂಗೈಯಲ್ಲಿ ಅಡಗಿಸಿಕೊಂಡು, ಕೆಮ್ಮುವ ನೆಪದಲ್ಲಿ ಬಾಯಿಗಿಟ್ಟು ಒಂದು ಸ್ವರ ಹೀರಿಕೊಳ್ಳುತ್ತಿದ್ದ. ಅದು ವಾದ್ಯವೋ ಅಲ್ಲವೋ ಎಂದು ಒಮ್ಮೆ ಆರು ತಿಂಗಳು ಚರ್ಚೆಯಾಗಿ, ಎರಡು ಮನೆಯವರು ಪಕ್ಕದೂರಿನ ಸಭೆಗೆ ಹೋಗಿಬಿಟ್ಟಿದ್ದರು. ಡ್ವೇನ್ ಹತ್ತಿರ ಪೀಪಿಯೂ ಇಲ್ಲ. ಅವನು ಗಾಳಿಯಿಂದ ಒಂದು ಸ್ವರವನ್ನು ಕಿತ್ತುಕೊಂಡ. ಎರಡನೆಯ ಸಾಲಿಗೇ ಹೆಂಗಸರ ಕತ್ತಿನ ನರ ಎದ್ದವು. ವರ್ಲನ್ ಬಾಯಿ ಮುಚ್ಚಿಕೊಂಡೇ ಇದ್ದ. ಆದರೆ ಗಂಡಸರ ದಪ್ಪ ದನಿ ಕೆಳಗಿಂದ ಬಂದು ಸೇರಿಕೊಂಡಾಗ, ನಾಲ್ಕು ದನಿಗಳು ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಾಗ, ಅವನ ಎಡಪಾದ ತನ್ನಷ್ಟಕ್ಕೆ ಬೆಂಚಿನ ಕೆಳಗೆ ಇಲ್ಲದ ಪೆಡಲನ್ನು ಒತ್ತಿತು. ಸ್ವರ ಬದಲಾಗುವ ಜಾಗ ಬರುತ್ತಿದ್ದಂತೆ ಎಡ ಮೊಣಕಾಲು ಎಡಕ್ಕೆ ಹೋಯಿತು. ಅಲ್ಲಿ ಸನ್ನೆಕೋಲು ಇರಲಿಲ್ಲ. ಅಲ್ಲಿ ವಿಧವೆ ಲಾವೀಟಾಳ ಕೈಚೀಲ ಇತ್ತು. ಅದು ಧಪ್ಪೆಂದು ಬಿದ್ದು, ಒಳಗಿಂದ ಪುದೀನಾ ಪೆಪ್ಪರಮೆಂಟುಗಳು ಮರದ ನೆಲದ ಮೇಲೆ ಉರುಳಿ ಮೂರು ಬೆಂಚು ದಾಟಿದವು.

"ದೇವರೇ," ಎಂದಳು ಲಾವೀಟಾ, ಹಾಡಿನ ಮಧ್ಯೆಯೇ, ಹಾಡಿಗೆ ಹೊಂದಿಕೊಳ್ಳುವ ಹಾಗೆ.

"ಕ್ಷಮಿಸಿ ಸಿಸ್ಟರ್."

"ಕಾಲು ಹಿಡಿದಿತ್ತೇನೋ," ಎಂದಳು ಆಕೆ, ಹಾಗಲ್ಲವೆಂದು ಚೆನ್ನಾಗಿ ಗೊತ್ತಿದ್ದವಳ ಹಾಗೆ.

ಅಮ್ಮ ಕತ್ತು ತಿರುಗಿಸದೆ ತನ್ನ ಕೈಯನ್ನು ಅವನ ಬಲ ಮೊಣಕಾಲ ಮೇಲಿಟ್ಟಳು. ಏಳು ವರ್ಷದವನಿದ್ದಾಗ ಇದೇ ಬೆಂಚಿನಲ್ಲಿ ಇಡುತ್ತಿದ್ದ ಹಾಗೆ. ತೂಕ ಮಾತ್ರ ಕಡಿಮೆಯಾಗಿತ್ತು. ಐವತ್ತೆಂಟರ ಗಂಡಸಿನ ಮೊಣಕಾಲು ಆ ಒಣಗಿದ ಕೈಯ ಕೆಳಗೆ ತಣ್ಣಗಾಯಿತು. ಇದೇ ಮೊಣಕಾಲು. ಅವರ ಬ್ಯಾಂಡಿನ ಹಾಡುಗಾರ ಡಬ್ ಹಾಲಮನ್ ತನ್ನ ದುಡ್ಡಲ್ಲಿ ಹಾಕಿಸಿದ ಆ ಒಂದೇ ಒಂದು ಎಲ್‌ಪಿಯ ಹೊದಿಕೆಯಲ್ಲಿ ಬಂದದ್ದು ಇದೇ. ಡಬ್ ನಡುವೆ, ಹಲ್ಲು ಮುಂದೆ. ಪಿಟೀಲಿನ ಕಾರ್ಲ್ ಬಲಕ್ಕೆ. ಎಡ ಅಂಚಿನಲ್ಲಿ ಫೋಟೊ ಕತ್ತರಿಸಿದ ಜಾಗದಲ್ಲಿ ವಾದ್ಯದ ಒಂದು ಕಾಲು, ವರ್ಲನ್ನನ ಒಂದು ಕಾಲು. ಯಾರಾದರೂ ಕೇಳಿದರೆ ಅವನೇ ಬೆರಳಿಟ್ಟು ತೋರಿಸುತ್ತಿದ್ದ: "ಇಗೋ ನಾನು. ಸ್ವಲ್ಪ ದಪ್ಪ ಬಂದಿದೀನಿ." ನಗುತ್ತಿದ್ದರು. ನಗಿಸಿ ಮುಗಿಸಿಬಿಟ್ಟರೆ ಆ ಮೇಲೆ ಯಾರೂ ಆ ಫೋಟೊದ ಕುರಿತು ಮರುಕ ತೋರಿಸುವುದಿಲ್ಲ, ಅದೊಂದು ಅನುಕೂಲ.

ಅವನಿಗೆ ಹೆಸರು ಬಂದದ್ದೂ ಹೆಸರಿಲ್ಲದ ಹಾಗೇ. ರೆಡ್ ಬ್ಲಫ್‌ನಲ್ಲಿ ಸೇರಿದ ಮೊದಲ ಬೇಸಿಗೆ, ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಡಬ್ ಹಾಡು ನಿಲ್ಲಿಸಿ ತಟ್ಟನೆ ಅವನ ಕಡೆ ಗದ್ದ ತೋರಿಸಿದ. ಬಾರಿಸು, ನಿನ್ನ ಸರದಿ. ವರ್ಲನ್ನನ ತಲೆಯಲ್ಲಿ ಏನೂ ಇರಲಿಲ್ಲ. ಕೈ ತಾನೇ ಮೇಲೆ ಹೋಗಿ, ಎತ್ತರದ ತಂತಿಯಲ್ಲಿ ಒಂದು ಸ್ವರ ಹಿಡಿದು, ತಡೆದು, ನಿಧಾನವಾಗಿ ಇನ್ನೊಂದಕ್ಕೆ ಜಾರಿತು. ವರ್... ಲಾಽಽನ್. ಹತ್ತಿ ಹೊಲದ ಆ ತುದಿಗೆ ಅಡಿಗೆಮನೆ ಬಾಗಿಲಿಂದ ಬರುತ್ತಿದ್ದ ಕರೆ. ಹೊತ್ತು ಮುಳುಗುವ ಮುಂಚೆ, ಬೀನ್ಸು ಬೆಂದು, ಜೋಳದ ರೊಟ್ಟಿ ಒಲೆಯಿಂದ ಇಳಿದ ಮೇಲೆ, ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಿಡುತ್ತಿದ್ದ ಎರಡು ಸ್ವರ. ಹೊಲದ ಕೆಂಧೂಳಿನ ಮೇಲೆ ಅದು ಹಾರಿಬರುವುದಕ್ಕೆ ಒಂದು ಕ್ಷಣ ಬೇಕಾಗುತ್ತಿತ್ತು. ಆ ಕ್ಷಣವನ್ನೂ ಅವನ ಕೈ ಬಿಡದೆ ಬಾರಿಸಿತು. ಹಾಲಿನಲ್ಲಿ ಕಾಲುಗಳು ನಿಂತವು. ಆಮೇಲೆ ಬಾರಿನ ಕಡೆಯಿಂದ ಯಾರೋ ಹತ್ತಿ ಬಿಡಿಸುವ ಮುದುಕ, ಒರಟು ದನಿಯಲ್ಲಿ, ಕುಡಿದದ್ದು ಇಳಿದುಹೋದವನ ಹಾಗೆ ಕೂಗಿದ: "ಬಂದೆ ಅಮ್ಮಾ!"

ಹಾಲು ನಕ್ಕು ಉರುಳಿತು. ಮುಂದಿನ ವಾರ ಅದನ್ನೇ ಕೇಳಿದರು. ಅದರ ಮುಂದಿನ ವಾರ ಮುದುಕ ಬರಲಿಲ್ಲ. ಹತ್ತು ಜನ ಕೂಗಿದರು. ಆಮೇಲೆ ಅದು ಕಟ್ಟಳೆಯಾಯಿತು. ಎಲ್ಲೇ ಇರಲಿ, ಬಿಯರ್ ಬಾಯಲ್ಲಿರಲಿ, ಹೆಂಡತಿಯಲ್ಲದವಳ ಸೊಂಟದ ಮೇಲೆ ಕೈ ಇರಲಿ, ಸ್ಟೀಲಿನ ಆ ಎರಡು ಸ್ವರ ಕೇಳಿತೋ, ಇನ್ನೂರು ಗಂಟಲು ಒಟ್ಟಿಗೆ "ಬಂದೆ ಅಮ್ಮಾ!" ನಾಲ್ಕು ಕೌಂಟಿಗಳಲ್ಲಿ ಅವನನ್ನು ಯಾರೂ ವರ್ಲನ್ ಅನ್ನುವುದಿಲ್ಲ. ಪೆಟ್ರೋಲ್ ಹಾಕಿಸುತ್ತಿದ್ದಾಗ ಪಕ್ಕದ ಗಾಡಿಯಿಂದ ಒಬ್ಬಳು ಇಣುಕಿ, "ನೀವು ಅಮ್ಮ ಅಲ್ವಾ?" ಅಂದಿದ್ದಳು. "ಹೌದು," ಅಂದಿದ್ದ, ಟೋಪಿ ಎತ್ತಿ. ಮೀಸೆ ಇಟ್ಟುಕೊಂಡದ್ದು ಆಮೇಲೆ. ಒಮ್ಮೆ ನ್ಯಾಶ್‌ವಿಲ್‌ಗೆ ಹೋಗಿ ಹನ್ನೊಂದು ದಿನ ಇದ್ದ. ಒಂದು ರೆಕಾರ್ಡಿಗೆ ಬಾರಿಸುವಾಗ ಕೈ ಆ ಎರಡು ಸ್ವರಕ್ಕೆ ಹೋಯಿತು, ಗಾಜಿನ ಆಚೆ ಕೂತವನು, "ಚೆನ್ನಾಗಿದೆ, ಆದರೆ ಇದು ಏನು?" ಅಂದ. ಊಟಕ್ಕೆ ಕರೆಯೋದು ಅಂತ ಹೇಳಬೇಕೆನ್ನಿಸಿತು. ಏನೂ ಅಲ್ಲ ಅಂದು, ಎಲ್ಲರೂ ಬಾರಿಸುವುದನ್ನು ಬಾರಿಸಿ, ಹನ್ನೆರಡನೆಯ ದಿನ ಬಸ್ಸು ಹತ್ತಿದ. ಅಲ್ಲಿ ಕರೆದರೆ ಬರುವವರಿರಲಿಲ್ಲ.

ನಗುವ ವಿಷಯವೇ, ಅವನೂ ನಗುತ್ತಿದ್ದ. ಆದರೆ ಕೆಲವು ಮಧ್ಯಾಹ್ನ, ಇನ್ನೂರು ಬಾಯಿಂದ ಆ ಉತ್ತರ ಬರುವಾಗ, ಸಿಗರೇಟು ಹೊಗೆಯ ಆಚೆ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡ ಒಬ್ಬಳು ಹೆಂಗಸು ನಿಂತಿದ್ದಾಳೆ, ತನ್ನ ದನಿಯನ್ನು ಯಾರೋ ಬಿಯರ್ ಅಂಗಡಿಯಲ್ಲಿ ತೂಗುಹಾಕಿದ್ದನ್ನು ನೋಡುತ್ತಿದ್ದಾಳೆ ಅನ್ನಿಸಿ, ಅವನ ಬೆನ್ನು ಬೆವರುತ್ತಿತ್ತು. ಊರಿನ ರೇಡಿಯೋದಲ್ಲಿ ಒಂಬತ್ತು ವರ್ಷ ಮಧ್ಯಾಹ್ನದ ಹೊತ್ತು ಬಾರಿಸಿದ, ದನದ ಹಿಂಡಿ ಅಂಗಡಿಯವರು ದುಡ್ಡು ಕೊಟ್ಟು ನಡೆಸುತ್ತಿದ್ದ ಕಾರ್ಯಕ್ರಮ. ಅಲ್ಲಿ ಒಮ್ಮೆಯೂ ಅದನ್ನು ಬಾರಿಸಲಿಲ್ಲ. ಅಮ್ಮನ ಅಡಿಗೆಮನೆಯಲ್ಲಿ ರೇಡಿಯೋ ಇತ್ತು. ಅಪ್ಪ ಸತ್ತಾಗ, ಮೊದಲ ಹೆಂಡತಿ ಬಿಟ್ಟುಹೋದಾಗ, ಎರಡನೆಯವಳನ್ನು ಇವನೇ ಬಿಟ್ಟಾಗ, ಎಲ್ಲ ಹೇಳಿದ್ದಾನೆ ಅಮ್ಮನಿಗೆ. ಇದನ್ನು ಹೇಳಿಲ್ಲ. ಈ ಮಂದಿರದ ಬಾಗಿಲು ದಾಟಿ ಒಂದು ವಾದ್ಯವನ್ನೂ ಒಳಗೆ ಬಿಡದ ಹೆಂಗಸು. ಅವಳ ಗಂಟಲನ್ನೇ ವಾದ್ಯ ಮಾಡಿ ಮೂವತ್ತೊಂದು ವರ್ಷ ಹೊಟ್ಟೆ ಹೊರೆದಿದ್ದೇನೆ.

ತಿರುಗಿ ಕೊಟ್ಟುಬಿಡುತ್ತೇನೆ, ಅಂದುಕೊಂಡ. ಹಾಡು ಮುಗಿದು ಪ್ರಭುಭೋಜನದ ಬ್ರೆಡ್ಡಿನ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತಿತ್ತು. ಹೂಂ ಅನ್ನುತ್ತೇನೆ ಪ್ರ್ಯೂಯಿಟ್‌ಗೆ. ಡಬ್‌ಗೆ ಫೋನ್ ಮಾಡುತ್ತೇನೆ. ಇವತ್ತು ಎರಡು ಗಂಟೆಗೆ ಹಾಲಿನಲ್ಲಿ ಆಟ ಇದೆ, ವಾದ್ಯ ಹೊರಗೆ ಪಿಕಪ್ಪಿನಲ್ಲೇ ಪೆಟ್ಟಿಗೆಯೊಳಗಿದೆ, ಇದು ಕೊನೆಯದು. ಮುಂದಿನ ಭಾನುವಾರ ಅಲ್ಲಿ, ಡ್ವೇನ್ ನಿಂತಲ್ಲಿ, ತಲೆ ಎತ್ತಿ ನಿಂತು, ಅಮ್ಮನ ಮಸಕು ಬೊಟ್ಟಿನ ಕಣ್ಣಿನ ಅಂಚಿಗೆ ಕಾಣುತ್ತೇನೆ. ಅಷ್ಟಾದರೆ ಸಾಲ... ಅಲ್ಲ, ಸಾಲವಲ್ಲ, ಕಳ್ಳತನ. ಕದ್ದದ್ದನ್ನು ಕದ್ದ ಮನೆಗೇ ಹಿಂದಿರುಗಿಸಿದ ಹಾಗಾಗುತ್ತದೆ. ಹಾಗೆ ನಿರ್ಧರಿಸಿದ ಕೂಡಲೇ ಬೆರಳ ತುದಿಗಳು ಜೋಮು ಹಿಡಿದಂತಾದವು. ಎಡಗೈ ತಾನೇ ಮಡಚಿಕೊಂಡು ಇಲ್ಲದ ಉಕ್ಕಿನ ತುಂಡನ್ನು ಹಿಡಿದುಕೊಂಡಿತು.

ಹೊರಗೆ ಬಿಸಿಲು ಬಿಳಿಯಾಗಿತ್ತು. ಅಮ್ಮನನ್ನು ಲಾವೀಟಾ ಪಿಕಪ್ಪುಗಳ ಕಡೆ ನಡೆಸಿಕೊಂಡು ಹೋದಳು. ಮೆಟ್ಟಿಲ ಮೇಲೆ ಹಿರಿಯ ಪ್ರ್ಯೂಯಿಟ್ ಎಲ್ಲರ ಕೈಕುಲುಕಿ ಮುಗಿಸಿ, ವರ್ಲನ್ನನ ಕೈಯನ್ನು ಮಾತ್ರ ಬಿಡಲಿಲ್ಲ.

"ಏನಂತ ಯೋಚನೆ ಮಾಡಿದೆ? ಹ್ಹುಂ."

"ಯೋಚನೆ ಮಾಡಿದೆ ಬ್ರದರ್ ಪ್ರ್ಯೂಯಿಟ್."

"ನಿಮ್ಮಮ್ಮ ಸಂತೋಷ ಪಡ್ತಾಳೆ. ಇನ್ನೆಷ್ಟು ದಿನ ಅಂತ."

"ಅದೇ ನಾನೂ..."

"ದೇವರು ತಡವಾಗಿ ಬಂದವರನ್ನೂ ವಾಪಸ್ ಕಳಿಸಲ್ಲ. ಹ್ಹುಂ. ಹಾಗಾದರೆ ಹೂಂ ಅನ್ನು."

ಬಾಯಿ ತೆರೆದಿತ್ತು. ಹೂಂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅಂಗಳದ ಆ ತುದಿಯಲ್ಲಿ, ಹತ್ತಿಪ್ಪತ್ತು ಪಿಕಪ್ಪುಗಳ ನಡುವೆ, ಲಾವೀಟಾ ಯಾರ ಜೊತೆಗೋ ಮಾತಿಗೆ ನಿಂತದ್ದರಿಂದ ಒಂಟಿಯಾದ ಅಮ್ಮ, ಸುತ್ತ ಇರುವ ಬಣ್ಣಗಳಲ್ಲಿ ಯಾವುದು ಮಗನೆಂದು ತಿಳಿಯದೆ, ಹಣೆಗೆ ಕೈ ಅಡ್ಡ ಇಟ್ಟುಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡು ಕರೆದಳು. ನಲವತ್ತು ವರ್ಷದಿಂದ ಹಾಗೆ ಕರೆದಿರಲಿಲ್ಲ. ಮೇಲೆ ಒಂದು ಸ್ವರ, ತಡೆದು, ನಿಧಾನವಾಗಿ ಕೆಳಕ್ಕೆ.

"ವರ್... ಲಾಽಽನ್!"

"ಬಂದೆ ಅಮ್ಮಾ!"

ವರ್ಲನ್ ಅಲ್ಲ. ಅವನ ಬಾಯಿ ಇನ್ನೂ ತೆರೆದೇ ಇತ್ತು. ಗಾಡಿಯ ಬಾಗಿಲಿಗೆ ಕೈ ಹಾಕಿದ್ದ ಗೋಧಿತೆನೆಯ ಬೂಟಿನವನು ಕೂಗಿದ್ದ. ಅವನ ಹೆಂಡತಿ ಕೂಗಿದ್ದಳು. ಔಷಧಿ ಅಂಗಡಿ ಡ್ವೇನ್, ಈ ಸಲ ಸರಿಯಾದ ಸ್ವರದಲ್ಲಿ, ಕೂಗಿದ್ದ. ಎಲೆಕ್ಟ್ರಿಕ್ ಕಂಬದ ನೆರಳಲ್ಲಿ ನಿಂತ ಮೂವರು ಗಂಡಸರು, ಟೋಪಿ ಹಾಕಿಕೊಳ್ಳುತ್ತಿದ್ದವರು, ಟೋಪಿ ಅರ್ಧದಲ್ಲೇ ಹಿಡಿದು ಕೂಗಿದ್ದರು. ಮತ್ತು ವರ್ಲನ್ನನ ಕಿವಿಯ ಪಕ್ಕದಲ್ಲೇ, ಕೆಮ್ಮಿಲ್ಲದೆ, ಒಡೆದ ಗಂಟೆಯಂಥ ದನಿಯಲ್ಲಿ, ಹಿರಿಯ ಪ್ರ್ಯೂಯಿಟ್.

ಆಮೇಲೆ ಡ್ವೇನ್ ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕತೊಡಗಿದ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಕಣ್ಣು ಕೊಡಲಿಲ್ಲ. ಇಬ್ಬರೂ ಬೇರೆಬೇರೆ ಭಾನುವಾರ ಹಾಲಿಗೆ ಹೋಗುತ್ತಿದ್ದಿರಬೇಕು. ಲಾವೀಟಾ ಒಬ್ಬಳೇ ಪುದೀನಾ ಪೆಪ್ಪರಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಆಕಾಶ ನೋಡಿದಳು.

"ನನಗೆ ಇಷ್ಟೊಂದು ಮಕ್ಕಳಿದ್ದಾರೆ ಅಂತ ಗೊತ್ತಿರಲಿಲ್ಲ," ಎಂದಳು ಅಮ್ಮ, ಬಿಸಿಲಿನ ಕಡೆ ಮುಖ ಮಾಡಿ.

ಪ್ರ್ಯೂಯಿಟ್ ಇನ್ನೂ ಕೈ ಹಿಡಿದೇ ಇದ್ದ. ಕೈ ಒದ್ದೆಯಾಗಿತ್ತು. "ನಮ್ಮಮ್ಮನೂ ಹಾಗೇ ಕರೀತಿದ್ದಳು," ಎಂದ. ಅದು ನೆಪವೂ ಇರಬಹುದು, ನಿಜವೂ ಇರಬಹುದು, ಎರಡೂ ಇದ್ದಂತಿತ್ತು. ವರ್ಲನ್‌ಗೆ ಅವನನ್ನು ಮೊದಲ ಸಲ ನೋಡಿದ ಹಾಗಾಯಿತು. ತಲೆ ತಗ್ಗಿಸಿ ಬೂಟು ನೋಡಬೇಕೆನ್ನಿಸಿತು, ನೋಡಲಿಲ್ಲ.

"ಬ್ರದರ್ ಪ್ರ್ಯೂಯಿಟ್, ನನಗೆ ಎರಡು ಗಂಟೆಗೆ ಕೆಲಸ ಇದೆ."

"ಗೊತ್ತು," ಅಂದುಬಿಟ್ಟ ಹಿರಿಯ. ಆಮೇಲೆ ಕೆಮ್ಮಿದ.

ಗಾಡಿಗಳೆಲ್ಲ ಬೇಗಬೇಗ ಹೊರಟುಹೋದವು. ಅಮ್ಮನ ಹತ್ತಿರ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹೇಳಿದ. ನಿಂತುಕೊಂಡೇ, ಪಿಕಪ್ಪಿನ ಕಾದ ತಗಡಿಗೆ ಕೈ ಒತ್ತಿ, ಎಲ್ಲ ಹೇಳಿದ: ಡಬ್ ಗದ್ದ ತೋರಿಸಿದ್ದು, ಕೈ ಜಾರಿದ್ದು, ಹತ್ತಿ ಬಿಡಿಸುವ ಮುದುಕ, ಇನ್ನೂರು ಬಾಯಿ, ಪೆಟ್ರೋಲ್ ಬಂಕಿನ ಹೆಂಗಸು. ನಗಿಸದೆ ಹೇಳಿದ. ಅಷ್ಟು ಉದ್ದ ಮಾತನ್ನು ನಗಿಸದೆ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಅಮ್ಮ ಟೋಪಿಯ ಅಂಚನ್ನು ಸರಿಮಾಡಿಕೊಂಡಳು.

"ಬಿಯರ್ ಅಂಗಡೀಲಿ," ಎಂದಳು.

"ಹೂಂ ಅಮ್ಮ."

"ಮೂವತ್ತು ವರ್ಷ."

"ಮೂವತ್ತೊಂದು. ನಾನು ಬಿಡ್ತೀನಿ ಅಮ್ಮ. ಈಗಲೂ ವಾಪಸ್ ಹೋಗಿ ಹೂಂ ಅಂತೀನಿ. ನಾನು ಮುಂದೆ ನಿಂತಿರೋದನ್ನ ನೀನು..."

"ಏನು ನೋಡಲಿ ಕಣೋ? ನೀನು ಮುಂದೆ ನಿಂತರೂ ಮಸಕು, ಹಿಂದೆ ಕೂತರೂ ಮಸಕು." ಕೈ ಚಾಚಿ ಗಾಳಿಯಲ್ಲಿ ಹುಡುಕಿ ಅವನ ತೋಳು ಹಿಡಿದುಕೊಂಡಳು. "ಆ ಜಾಗಕ್ಕೆ ನಾನು ಬರಲ್ಲ. ಹೇಳಿದೀನಿ. ನನ್ನ ಮನೆಗೆ ಬಿಟ್ಟು ಹೋಗು. ಎಲ್ಲಿದೆ ಅದು?"

"ಯಾವುದು?"

"ಅದೇ. ನಿನ್ನ ಇಸ್ತ್ರಿ ಮೇಜು."

ಹಿಂಬದಿಯ ತಗಡನ್ನು ಇಳಿಸಿ ಪೆಟ್ಟಿಗೆ ತೆರೆದ. ಕಾಲು ಜೋಡಿಸಲಿಲ್ಲ. ವಿದ್ಯುತ್ತಿಲ್ಲದೆ ಆ ವಾದ್ಯಕ್ಕೆ ದನಿಯೇ ಇಲ್ಲ. ಸೊಳ್ಳೆ ಬಲೆಯೊಳಗಿನ ಸೊಳ್ಳೆಯಷ್ಟು. ಅಮ್ಮ ತಗಡಿನ ಅಂಚು ಸವರಿಕೊಂಡು ಬಂದು, ಭಾನುವಾರದ ಟೋಪಿಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಕೊಟ್ಟ ಮೇಲೆ, ಅವನ ಕೈ ಖಾಲಿ ಇರಬೇಕೆಂದು ಹೊಳೆದು, ವಾಪಸ್ ತೆಗೆದುಕೊಂಡು ಚಕ್ರದ ಮೇಲಿನ ತಗಡಿನ ಉಬ್ಬಿನ ಮೇಲೆ ಇಟ್ಟಳು. ಬಾಗಿದಳು. ಬೆಳ್ಳಗಿನ ತಲೆ ತಂತಿಗಳ ಮೇಲೆ ಒರಗುವಷ್ಟು ಹತ್ತಿರ ಬಂತು. ಎದುರಿಗೆ ಬರಿ ಹತ್ತಿ ಹೊಲ, ಅದರಾಚೆ ಬರಿ ಬಯಲು.

ಬಾರಿಸಿದ. ಮೇಲೆ ಒಂದು ಸ್ವರ, ಒಂದು ಕ್ಷಣ, ಕೆಳಕ್ಕೆ.

"ಇದು ನನ್ನದಲ್ಲ," ಎಂದಳು ಅಮ್ಮ, ತಲೆ ಎತ್ತದೆ.

"ನಿನ್ನದೇ ಅಮ್ಮ. ನೀನು ಹೊಲಕ್ಕೆ..."

"ನನ್ನದರ ಕೊನೇಲಿ ಸಿಟ್ಟಿರ್ತಿತ್ತು. ನಿಮ್ಮಪ್ಪ ಕುಡಿದು ಬರ್ತಿದ್ದ, ನೀನು ಎಷ್ಟು ಕರೆದರೂ ಬರ್ತಿರಲಿಲ್ಲ, ರೊಟ್ಟಿ ಆರಿಹೋಗ್ತಿತ್ತು. ಇದರಲ್ಲಿ ಸಿಟ್ಟಿಲ್ಲ." ಅವಳ ಬೆರಳು ತಂತಿಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಆ ಜಾರುದಾರಿಯನ್ನು ಹುಡುಕುತ್ತಿತ್ತು. "ಇದು ನಮ್ಮಮ್ಮಂದು. ನಾನೂ ಅವಳ ಹತ್ತಿರಾನೇ ಎತ್ತಿಕೊಂಡಿದ್ದು. ಒಂಬತ್ತು ವರ್ಷ ನನಗೆ, ಅವಳು ಹೋದಾಗ. ಮುಖ ಮರೆತೇ ಹೋಗಿದೆ ಕಣೋ ವರ್ಲನ್." ಸ್ವಲ್ಪ ತಡೆದು, "ಇನ್ನೊಂದು ಸಲ," ಎಂದಳು.

ಅವನು ಉಕ್ಕಿನ ತುಂಡನ್ನು ಎತ್ತರಕ್ಕೆ ಒಯ್ದು, ನಿಲ್ಲಿಸಿ, ಹೊಲ ದಾಟುವುದಕ್ಕೆ ಬೇಕಾದಷ್ಟು ಹೊತ್ತು ಕಾದು, ಬಿಟ್ಟ.

ಕಿವಿಯನ್ನು ತಂತಿಗೆ ಒತ್ತಿಕೊಂಡಿದ್ದ ಎಂಬತ್ತೆರಡು ವರ್ಷದ ಹೆಂಗಸು, ದೂರದಲ್ಲಿ ಆಟವಾಡುತ್ತಿದ್ದವಳು ಕೈಲಿದ್ದದ್ದನ್ನು ಕೆಳಗಿಟ್ಟ ಹಾಗೆ, ಮೆಲ್ಲಗೆ ಅಂದಳು:

"ಬಂದೆ ಅಮ್ಮಾ."